ಗೊತ್ತಿದೆ, ಆ ಹೊತ್ತಿಗೆ ಹೊಳೆಯುವುದಿಲ್ಲ

ರಾತ್ರಿ ಮಲಗುವ ಮುಂಚೆ ಅಮ್ಮ ಕೂರಿಸಿಕೊಂಡು ಬುದ್ಧಿ ಹೇಳುತ್ತಾಳೆ. ಮಗು ತಲೆಯಾಡಿಸುತ್ತದೆ. ‘ನಾಳೆಯಿಂದ ಸರಿಯಾಗಿ ಮಾಡ್ತೀನಮ್ಮಾ’ ಅನ್ನುತ್ತದೆ, ಮನಸಾರೆ ಅನ್ನುತ್ತದೆ. ಮಾರನೇ ದಿನ ಡೈರಿ ಮೇಜಿನ ಮೇಲೇ ಉಳಿಯುತ್ತದೆ, ನೀರಿನ ಬಾಟಲಿ ಶಾಲಾ ಬಸ್ಸಿನಲ್ಲಿ ಉಳಿಯುತ್ತದೆ. ರಾತ್ರಿ ಒಂಬತ್ತರವರೆಗೆ ಕೂತು ಬರೆದ ಹೋಂವರ್ಕ್ ಬ್ಯಾಗಿನಲ್ಲೇ ಇದ್ದರೂ ಮಿಸ್ಸಿನ ಕೈ ಸೇರುವುದಿಲ್ಲ. ಸಂಜೆಗೆ ಮತ್ತದೇ ಬುದ್ಧಿಮಾತು, ಈ ಸಲ ದನಿ ಸ್ವಲ್ಪ ಜೋರು. ಎಕ್ಸಿಕ್ಯುಟಿವ್ ಫಂಕ್ಷನ್, ಅಂದರೆ ನೆನಪಿಟ್ಟು, ತಡೆದು, ಯೋಜಿಸಿ ಕೆಲಸ ನಡೆಸುವ ಮಿದುಳಿನ ಶಕ್ತಿ, ಇದರಲ್ಲಿ ತೊಂದರೆ ಇರುವ ಮಕ್ಕಳ ಮನೆಗಳಲ್ಲಿ ಇದು ವರ್ಷಗಟ್ಟಲೆ ನಡೆಯುತ್ತದೆ. ನನ್ನನ್ನು ಕಾಡುವುದು ಮಗುವಿನ ಮರೆವಲ್ಲ, ನಾವು ಕೊಡುತ್ತಿರುವ ಮದ್ದು. ಬುದ್ಧಿಮಾತು ಕೊಡುವುದು ತಿಳಿವಳಿಕೆಯನ್ನು. ಈ ಮಕ್ಕಳಿಗೆ ತಿಳಿವಳಿಕೆಯ ಕೊರತೆ ಇಲ್ಲ. ಡೈರಿ ಒಯ್ಯಬೇಕು ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಒಪ್ಪಿಸಬಲ್ಲರು. ಬಾಗಿಲು ದಾಟುವ ಆ ಎರಡು ನಿಮಿಷದಲ್ಲಿ ಅದು ತಲೆಗೆ ಬರುವುದಿಲ್ಲ, ಅಷ್ಟೇ.

ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ 1990ರ ದಶಕದಿಂದ, ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿ ಬಗ್ಗೆ ಹೇಳುತ್ತಾ ಬಂದದ್ದೂ ಇದನ್ನೇ: ಏನು ಮಾಡಬೇಕೆಂದು ತಿಳಿಯದ ತೊಂದರೆ ಇದಲ್ಲ, ತಿಳಿದದ್ದನ್ನು ಮಾಡಲಾಗದ ತೊಂದರೆ. ಹಾಗಾಗಿ ಸಹಾಯ ಇರಬೇಕಾದದ್ದು ಕೆಲಸ ನಡೆಯುವ ಜಾಗದಲ್ಲಿ, ಕೆಲಸ ನಡೆಯುವ ಹೊತ್ತಿನಲ್ಲಿ. ಅವರದೇ ಒಂದು ಒರಟು ಅಂದಾಜಿನ ಪ್ರಕಾರ ಇಂಥ ಮಕ್ಕಳು ತಮ್ಮನ್ನು ತಾವು ನಿಭಾಯಿಸಿಕೊಳ್ಳುವುದರಲ್ಲಿ ವಯಸ್ಸಿಗಿಂತ ಶೇಕಡಾ 30ರಷ್ಟು ಹಿಂದಿರುತ್ತಾರೆ. ಗಣಿತದಲ್ಲೂ ಮಾತಿನಲ್ಲೂ ಹತ್ತು ವರ್ಷದವನೇ ಇರಬಹುದು, ಚೀಲ ಜೋಡಿಸುವ ವಿಷಯದಲ್ಲಿ ಮಾತ್ರ ಏಳು ವರ್ಷದವನು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಎಡಿಎಚ್‌ಡಿ ಇರುವ 223 ಮತ್ತು ಇಲ್ಲದ 223 ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿದರು. ಮಿದುಳಿನ ಹೊರಪದರದ ಅರ್ಧ ಭಾಗ ತನ್ನ ಪೂರ್ತಿ ದಪ್ಪಕ್ಕೆ ಬರುವುದು ಸಾಮಾನ್ಯವಾಗಿ ಏಳೂವರೆ ವರ್ಷಕ್ಕಾದರೆ, ಈ ಮಕ್ಕಳಲ್ಲಿ ಹತ್ತೂವರೆ ವರ್ಷಕ್ಕೆ. ಯೋಚಿಸಿ, ತಡೆದು, ಯೋಜಿಸುವ ಮುಂಭಾಗದಲ್ಲಿ ಈ ತಡ ಎಲ್ಲಕ್ಕಿಂತ ಹೆಚ್ಚು. ಕೈಕಾಲು ಆಡಿಸುವ ಭಾಗವೊಂದು ಮಾತ್ರ ತುಸು ಬೇಗ ಬೆಳೆದಿತ್ತು. ಓಡುವ ಕಾಲು ಮೊದಲು ಬಂದು, ‘ನಿಲ್ಲು’ ಅನ್ನುವ ತಲೆ ಆಮೇಲೆ ಬಂದರೆ ಮನೆಯಲ್ಲಿ ಏನಾಗುತ್ತದೆ ಎಂದು ಇಂಥ ಮಗುವನ್ನು ಸಾಕಿದವರಿಗೆ ವಿವರಿಸಬೇಕಾಗಿಲ್ಲ.

ಎಡಿಎಚ್‌ಡಿ ಒಂದರಲ್ಲೇ ಇದು ಕಾಣುವುದಲ್ಲ. ಆಟಿಸಂ, ಕಲಿಕಾ ನ್ಯೂನತೆ, ಅಪಸ್ಮಾರ, ತಿಂಗಳು ತುಂಬದೆ ಹುಟ್ಟಿದ್ದು, ತಲೆಗೆ ಬಿದ್ದ ಪೆಟ್ಟು, ಇವುಗಳ ಜೊತೆಗೂ ಬರುತ್ತದೆ. ಕಾರಣ ಯಾವುದೇ ಇರಲಿ, ಮನೆಯಲ್ಲಿ ಮಾಡಬೇಕಾದ ಕೆಲಸ ಬಹುಮಟ್ಟಿಗೆ ಒಂದೇ.

ಬೆಳಗಿನ ಏಳು ಗಂಟೆ

ನಾಲ್ಕನೇ ಕ್ಲಾಸಿನ ಹುಡುಗನೊಬ್ಬನನ್ನು ಹತ್ತಿರದಿಂದ ನೋಡಿ. ಅಡುಗೆಮನೆಯಿಂದ ಕೂಗು ಬರುತ್ತದೆ: ‘ಬೇಗ ರೆಡಿ ಆಗೋ, ಬಸ್ಸು ಬರತ್ತೆ!’ ಅವನು ‘ಹ್ಞೂಂ ಅಮ್ಮಾ’ ಅಂದು ರೂಮಿಗೆ ಹೋಗುತ್ತಾನೆ. ಒಂದು ಸಾಕ್ಸು ಹಾಕಿಕೊಳ್ಳುತ್ತಾನೆ. ಇನ್ನೊಂದು ಮಂಚದ ಕೆಳಗಿದೆ. ಬಗ್ಗಿದಾಗ ಹೋದ ವಾರ ಕಳೆದಿದ್ದ ಆಟದ ಕಾರಿನ ಚಕ್ರ ಕಣ್ಣಿಗೆ ಬೀಳುತ್ತದೆ. ಚಕ್ರ ಸಿಕ್ಕಿತು ಅಂದಮೇಲೆ ಕಾರು ಬೇಕು, ಕಾರು ಹುಡುಕಲು ಕಪಾಟು ತೆಗೆಯಬೇಕು. ಹತ್ತು ನಿಮಿಷದ ನಂತರ ಅಮ್ಮ ಬಂದು ನೋಡಿದರೆ ಒಂದು ಕಾಲಿಗೆ ಸಾಕ್ಸು, ಶರ್ಟಿನ ಗುಂಡಿ ಹಾಕಿಲ್ಲ, ನೆಲದ ತುಂಬ ಕಪಾಟಿನ ಸಾಮಾನು. ಅವನು ಮಾತು ಮೀರಲಿಲ್ಲ. ‘ರೆಡಿ ಆಗು’ ಅನ್ನುವುದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕಾದ ವರ್ಕಿಂಗ್ ಮೆಮೊರಿ ಚಕ್ರ ಕಂಡ ಕ್ಷಣ ಖಾಲಿಯಾಯಿತು. ಚಕ್ರವನ್ನು ಬಿಟ್ಟುಬಿಡು ಅನ್ನಬೇಕಾದ ತಡೆಯೂ ಸಮಯಕ್ಕೆ ಬರಲಿಲ್ಲ.

ಇಲ್ಲಿ ಬದಲಾಯಿಸಬೇಕಾದದ್ದು ಮೊದಲು ಜಾಗ, ಆಮೇಲೆ ಮಾತು. ಹಿಂದಿನ ರಾತ್ರಿಯೇ ಯೂನಿಫಾರ್ಮನ್ನು ಹಾಕಿಕೊಳ್ಳುವ ಕ್ರಮದಲ್ಲಿ ಜೋಡಿಸಿಡಿ: ಬನಿಯನ್ನು ಮೇಲೆ, ಅದರ ಕೆಳಗೆ ಶರ್ಟು, ಆಮೇಲೆ ಪ್ಯಾಂಟು. ಬೆಲ್ಟನ್ನು ಪ್ಯಾಂಟಿಗೆ ಮೊದಲೇ ಪೋಣಿಸಿಡಿ. ಸಾಕ್ಸು ಶೂ ಒಳಗೇ ಇರಲಿ. ಐಡಿ ಕಾರ್ಡು ಬ್ಯಾಗಿನ ಹಿಡಿಗೆ ನೇತಾಡುತ್ತಿರಲಿ, ಬ್ಯಾಗು ಬಾಗಿಲ ಪಕ್ಕದಲ್ಲೇ ಇರಲಿ. ಬಟ್ಟೆ ಹಾಕಿಕೊಳ್ಳುವ ಜಾಗ ಆಟದ ಸಾಮಾನಿರುವ ರೂಮು ಆಗಬಾರದು. ಹಾಲಿನ ಒಂದು ಮೂಲೆಯೋ ದೇವರ ಮನೆಯ ಮುಂದಿನ ಜಾಗವೋ ಸಾಕು, ಟಿವಿ ಮಾತ್ರ ಆಫ್ ಆಗಿರಲಿ. ಪೂರ್ತಿ ತಯಾರಾಗಿ ನಿಂತ ಮಗುವಿನದೇ ಫೋಟೋ ಒಂದನ್ನು ತೆಗೆದು, ಬೆಲ್ಟು, ಕಾರ್ಡು, ಬಾಟಲಿ, ಊಟದ ಡಬ್ಬಿ ಎಲ್ಲಾ ಕಾಣುವ ಹಾಗೆ ಪ್ರಿಂಟ್ ಹಾಕಿಸಿ, ಬಾಗಿಲ ಬಳಿ ಅವನ ಕಣ್ಣಿನ ಎತ್ತರಕ್ಕೆ ಅಂಟಿಸಿ. ಆಮೇಲೆ ‘ಬೆಲ್ಟ್ ಹಾಕಿದ್ಯಾ? ಕಾರ್ಡ್ ಎಲ್ಲಿ?’ ಎಂದು ಒಂದೊಂದಾಗಿ ಕೇಳಬೇಕಿಲ್ಲ. ‘ಫೋಟೋದಲ್ಲಿರೋ ಪುಟ್ಟನಿಗೂ ನಿನಗೂ ಏನು ವ್ಯತ್ಯಾಸ ನೋಡು’ ಅಂದರೆ ಸಾಕು. ಹುಡುಕುವ ಕೆಲಸ ಅವನದಾಗುತ್ತದೆ. ನೀವು ಒಂದೊಂದನ್ನೇ ನೆನಪಿಸುತ್ತಾ ಹೋದರೆ ಯೋಜನೆ ಮಾಡುವ ಕೆಲಸವೆಲ್ಲ ನಿಮ್ಮ ತಲೆಯಲ್ಲೇ ನಡೆಯುತ್ತದೆ, ಅವನ ತಲೆಗೆ ಅಭ್ಯಾಸವೇ ಸಿಗುವುದಿಲ್ಲ.

ಹೇಳುವ ರೀತಿಯೂ ಮುಖ್ಯ. ಅಡುಗೆಮನೆಯಿಂದ ಕೂಗಿದ ಮಾತು ಈ ಮಕ್ಕಳಿಗೆ ಫ್ಯಾನಿನ ಸದ್ದಿನ ಹಾಗೆ ಹಿನ್ನೆಲೆಯಲ್ಲಿ ಕಳೆದುಹೋಗುತ್ತದೆ. ಒಲೆ ಸಣ್ಣ ಮಾಡಿ, ಕೈಗೆಟುಕುವಷ್ಟು ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಮುಖ ಈ ಕಡೆ ತಿರುಗಿದ ಮೇಲೆ ಒಂದೇ ಕೆಲಸ ಹೇಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಲೇಬೇಕು ಎಂಬ ಹಟ ಬೇಡ, ಆಟಿಸಂ ಇರುವ ಮಕ್ಕಳಿಗೆ ಅದೇ ಒಂದು ಕಷ್ಟ. ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಸುಮ್ಮನಿರಿ. ಬಹುತೇಕ ಮನೆಗಳಲ್ಲಿ ಎಡವಟ್ಟಾಗುವುದು ಈ ಹತ್ತು ಸೆಕೆಂಡಿನಲ್ಲೇ: ಮಗು ಮೊದಲ ಮಾತನ್ನು ಅರಗಿಸಿಕೊಂಡು ಏಳುವಷ್ಟರಲ್ಲಿ ನಾವು ಎರಡನೇ ಸಲ, ಬೇರೆ ಪದಗಳಲ್ಲಿ, ಜೊತೆಗೆ ಇನ್ನೊಂದು ಕೆಲಸ ಸೇರಿಸಿ ಹೇಳಿರುತ್ತೇವೆ. ಮಗು ಮತ್ತೆ ಮೊದಲಿಂದ ಶುರುಮಾಡಬೇಕಾಗುತ್ತದೆ.

ಆಟದಿಂದ ಎಬ್ಬಿಸುವಾಗಲೂ ಅಷ್ಟೇ. ‘ಇನ್ನು ಐದು ನಿಮಿಷ’ ಎಂಬುದಕ್ಕೆ ಹೊತ್ತಿನ ಅಂದಾಜಿಲ್ಲದ ಮಗುವಿನಲ್ಲಿ ಅರ್ಥವಿಲ್ಲ. ‘ಈ ಓವರ್ ಮುಗಿದ ಮೇಲೆ ಬ್ಯಾಟು ಒಳಗೆ’ ಅಂದರೆ ಕೊನೆ ಎಲ್ಲಿ ಎಂದು ಅವನಿಗೇ ಕಾಣುತ್ತದೆ. ಕೊನೆಯ ಚೆಂಡಿಗೆ ನೀವು ಅಲ್ಲೇ ಇರಬೇಕು. ‘ಇನ್ನೊಂದೇ ಓವರ್ ಅಮ್ಮಾ, ಪ್ಲೀಸ್’ ಬಂದೇ ಬರುತ್ತದೆ. ಅದಕ್ಕೆ ಉತ್ತರ ಕೊಡುತ್ತಾ ಕೂರದೆ ಕೈಗೆ ನೀರಿನ ಲೋಟ ಕೊಟ್ಟು ಮುಂದಿನ ಕೆಲಸದ ಕಡೆ ನಡೆಯಿರಿ. ಕೈಗೆ ಹೊಸ ವಸ್ತು ಬಂದರೆ ಗಮನವೂ ಅತ್ತ ಸರಿಯುವುದು ಸುಲಭ.

ರಾತ್ರಿ ಒಂಬತ್ತಕ್ಕೆ ನೆನಪಾಗುವ ಚಾರ್ಟು

‘ಅಮ್ಮಾ, ನಾಳೆ ಸೈನ್ಸ್ ಪ್ರಾಜೆಕ್ಟ್ ಕೊಡಬೇಕು.’ ಶಾಲೆಯಲ್ಲಿ ಅದನ್ನು ಮಾಡಲು ಹೇಳಿ ಎರಡು ವಾರವಾಗಿದೆ. ಸ್ಟೇಷನರಿ ಅಂಗಡಿಯ ಷಟರ್ ಎಳೆದಾಗಿದೆ. ಇದನ್ನು ನಿರ್ಲಕ್ಷ್ಯ ಅಂದುಕೊಳ್ಳುವುದು ತೀರಾ ಸಹಜ. ಆದರೆ ಇಂಥ ಮಗುವಿಗೆ ಹೊತ್ತು ಎರಡೇ ಬಗೆ: ‘ಈಗ’ ಮತ್ತು ‘ಈಗಲ್ಲ’. ಎರಡು ವಾರದಾಚೆಗಿನ ಶುಕ್ರವಾರ ‘ಈಗಲ್ಲ’ದ ಖಾನೆಯಲ್ಲಿತ್ತು, ಗುರುವಾರ ರಾತ್ರಿ ಒಮ್ಮೆಲೇ ‘ಈಗ’ ಆಯಿತು. ನಡುವೆ ಅದು ಹತ್ತಿರ ಬರುತ್ತಿರುವುದು ಅವನಿಗೆ ಕಾಣಲೇ ಇಲ್ಲ.

ಕಾಣದ್ದನ್ನು ಕಾಣಿಸಬೇಕು. ಗೋಡೆಗೆ ತಿಂಗಳ ಹಾಳೆಯ ದೊಡ್ಡ ಕ್ಯಾಲೆಂಡರ್ ಇರಲಿ. ಕೊಡುವ ದಿನಕ್ಕೆ ಸುತ್ತು ಹಾಕಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಶುಕ್ರವಾರ ಕೊಡುವುದಾದರೆ ಗುರುವಾರ ಬ್ಯಾಗಿನ ಪಕ್ಕ ಇಡುವುದು, ಬುಧವಾರ ಬಣ್ಣ, ಮಂಗಳವಾರ ಬರಹ, ಸೋಮವಾರ ಚಿತ್ರ ಅಂಟಿಸುವುದು, ಅದಕ್ಕೂ ಹಿಂದಿನ ಶನಿವಾರ ಚಾರ್ಟ್ ಪೇಪರು, ಗೋಂದು ತರುವುದು. ಒಂದೊಂದು ಭಾಗವೂ ಅರ್ಧ ಗಂಟೆ ದಾಟದಿರಲಿ. ದಿನ ಕಳೆದಂತೆ ಆ ಖಾನೆಗೆ ಅಡ್ಡಗೆರೆ ಎಳೆಯುವುದು ಮಗುವಿನ ಕೆಲಸ. ಕ್ಯಾಲೆಂಡರಿನಲ್ಲಿ ಬರೆದೂ ತಪ್ಪಿಹೋದರೆ ಎರಡು ಕಡೆ ನೋಡಿ. ಒಂದು, ಕೊನೆಯ ದಿನ ಮಾತ್ರ ಬರೆದಿರುತ್ತದೆ, ನಡುವಿನ ಮೆಟ್ಟಿಲುಗಳು ಇರುವುದಿಲ್ಲ. ಇನ್ನೊಂದು, ಅದನ್ನು ನೋಡುವುದಕ್ಕೆ ಹೊತ್ತು ಗೊತ್ತುಮಾಡಿರುವುದಿಲ್ಲ. ಸಂಜೆ ತಿಂಡಿ ಮುಗಿದು ಕೈ ತೊಳೆದ ತಕ್ಷಣ ಕ್ಯಾಲೆಂಡರಿನ ಮುಂದೆ ಒಂದು ನಿಮಿಷ ನಿಲ್ಲುವುದು ಎಂದು ಈಗಾಗಲೇ ಇರುವ ಅಭ್ಯಾಸವೊಂದಕ್ಕೆ ಗಂಟು ಹಾಕಿ.

ನಿಮಿಷಗಳಿಗೆ ಮುಳ್ಳಿನ ಗಡಿಯಾರ ಬೇಕು, ಅಂಕಿ ತೋರಿಸುವುದು ಬೇಡ. ಗಾಜಿನ ಮೇಲೆ ವೈಟ್‌ಬೋರ್ಡ್ ಮಾರ್ಕರಿನಿಂದ ಏಳೂ ಹತ್ತರಿಂದ ಏಳೂವರೆವರೆಗೆ ಬಣ್ಣ ಬಳಿಯಿರಿ. ದೊಡ್ಡ ಮುಳ್ಳು ಬಣ್ಣ ದಾಟುವುದರೊಳಗೆ ತಿಂಡಿ ಮುಗಿಯಬೇಕು. ಎಷ್ಟು ಉಳಿದಿದೆ ಎಂಬುದು ಆಗ ಕಣ್ಣಿಗೆ ಕಾಣುವ ಜಾಗವಾಗುತ್ತದೆ. ಮೊಬೈಲಿನ ಟೈಮರ್ ಬಳಸಬೇಡಿ, ಅದನ್ನು ಆಫ್ ಮಾಡಲು ಕೈಗೆತ್ತಿಕೊಂಡವನು ವಾಪಸ್ ಬರುವುದು ಕಷ್ಟ. ಇದರ ಜೊತೆಗೆ ದಿನಕ್ಕೊಂದು ಅಂದಾಜಿನ ಆಟ ಆಡಿ: ‘ಈ ಹತ್ತು ಲೆಕ್ಕಕ್ಕೆ ಎಷ್ಟು ಹೊತ್ತು ಬೇಕು, ಹೇಳು’. ಅವನ ಅಂದಾಜು, ನಿಜಕ್ಕೂ ಹಿಡಿದ ಹೊತ್ತು, ಎರಡನ್ನೂ ಒಂದು ಪುಸ್ತಕದಲ್ಲಿ ಅಕ್ಕಪಕ್ಕ ಬರೆಯಿರಿ. ತಪ್ಪಿದ್ದಕ್ಕೆ ಟೀಕೆ ಬೇಡ. ಅಂಕಿಗಳೇ ಸಾಕು.

ಹೋಂವರ್ಕಿನಲ್ಲಿ ಎಲ್ಲಕ್ಕಿಂತ ಭಾರವಾದದ್ದು ಶುರುಮಾಡುವುದು. ಶಾಲೆಯಿಂದ ಬಂದು ಏನಾದರೂ ತಿಂದು, ಅರ್ಧ ಗಂಟೆ ಮೈ ದಣಿಯುವ ಹಾಗೆ ಆಡಿದ ಮೇಲೆ ಕೂರಿಸಿ. ಪೆನ್ಸಿಲ್, ರಬ್ಬರ್, ಮೆಂಡರ್, ಸ್ಕೇಲು ಎಲ್ಲಾ ಒಂದು ತಟ್ಟೆಯಲ್ಲಿ ಮೊದಲೇ ಇರಲಿ, ರಬ್ಬರಿಗೆಂದು ಎದ್ದ ಮಗು ಅಲ್ಲಿಂದಲೇ ಕಳೆದುಹೋಗುತ್ತದೆ. ಮೊದಲ ಸಾಲು, ಮೊದಲ ಲೆಕ್ಕ ಜೊತೆಯಲ್ಲಿ ಮಾಡಿ. ಎಂಟೊಂಬತ್ತು ವರ್ಷದ ಮಗುವಿಗೆ 10ರಿಂದ 15 ನಿಮಿಷ ಕೆಲಸ, 5 ನಿಮಿಷ ಬಿಡುವು. ಬಿಡುವಿನಲ್ಲಿ ಸ್ಕ್ರೀನ್ ಇಲ್ಲ. ಅದೇ ಮೇಜಿನ ಇನ್ನೊಂದು ಬದಿ ಮನೆಯ ದೊಡ್ಡವರೊಬ್ಬರು ಸೊಪ್ಪು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಕೂತರೆ ಸಾಕು. ಪಾಠ ಹೇಳಿಕೊಡಬೇಕಾಗಿಲ್ಲ. ಪಕ್ಕದಲ್ಲೊಬ್ಬರು ತಮ್ಮ ಕೆಲಸದಲ್ಲಿ ಮುಳುಗಿರುವುದೇ ಮಗುವನ್ನು ಅದರ ಕೆಲಸಕ್ಕೆ ಹಿಡಿದಿಡುತ್ತದೆ. ದೊಡ್ಡವರು ಮೊಬೈಲ್ ನೋಡುತ್ತಾ ಕೂತರೆ ಇದು ಕೆಲಸಕ್ಕೆ ಬಾರದು. ಬರೆದು ಮುಗಿದ ಹಾಳೆಗೆ ಎದ್ದು ಕಾಣುವ ಬಣ್ಣದ ಒಂದೇ ಫೋಲ್ಡರ್, ಕೊಡಬೇಕಾದದ್ದೆಲ್ಲ ಅದರಲ್ಲಿ. ಅದು ಬ್ಯಾಗಿನೊಳಗೆ ಹೋಗುವವರೆಗೆ ಹೋಂವರ್ಕ್ ಮುಗಿದಂತಲ್ಲ.

ಶಾಲೆಯ ಹತ್ತಿರ ಕೇಳುವಾಗ ಎರಡೇ ಸಂಗತಿ ಕೇಳಿ. ತರಗತಿಯಲ್ಲಿ ಐವತ್ತು ಮಕ್ಕಳನ್ನು ನೋಡುವ ಟೀಚರಿಗೆ ಹತ್ತು ಬೇಡಿಕೆಯ ಪತ್ರ ಕೊಟ್ಟರೆ ಒಂದೂ ನಡೆಯುವುದಿಲ್ಲ. ಬೆಳಿಗ್ಗೆ ಆ ಫೋಲ್ಡರನ್ನು ಅವರೇ ಕೇಳಿ ಪಡೆಯುವುದು, ಕೊನೆಯ ಪೀರಿಯಡ್ಡಿನಲ್ಲಿ ಡೈರಿ ಬರೆದಿದ್ದಾನಾ ಎಂದು ಒಮ್ಮೆ ನೋಡುವುದು, ಇಷ್ಟಕ್ಕೆ ಒಪ್ಪಿದರೆ ದೊಡ್ಡ ಉಪಕಾರ. ಆರು ವಾರ ಅದು ನಡೆದ ಮೇಲೆ, ಇಪ್ಪತ್ತು ಲೆಕ್ಕದ ಬದಲು ಹತ್ತು ಸಾಕಾ ಎಂದು ಕೇಳಬಹುದು.

ಸ್ಟಾರ್ ಚಾರ್ಟು ಎರಡು ವಾರಕ್ಕೆ ಕೆಲಸ ನಿಲ್ಲಿಸುವುದೇಕೆ

ಮಾಡಿದ ಕೆಲಸಕ್ಕೊಂದು ಚುಕ್ಕೆ ಕೊಡುವ ಸ್ಟಾರ್ ಚಾರ್ಟನ್ನು ಫ್ರಿಜ್ಜಿನ ಮೇಲೆ ಅಂಟಿಸದ ಮನೆಯಿಲ್ಲ, ಅದು ಕೈಕೊಡದ ಮನೆಯೂ ಕಡಿಮೆ. ಹಲ್ಲುಜ್ಜುವುದರಿಂದ ಹಿಡಿದು ಅಜ್ಜಿಗೆ ಎದುರಾಡದಿರುವವರೆಗೆ ಹನ್ನೆರಡು ಸಾಲು ಇರುತ್ತವೆ. ಮೂರು ಸಾಕು, ಅದರಲ್ಲೊಂದು ಮಗು ಈಗಾಗಲೇ ಮಾಡುವಂಥದ್ದಿರಲಿ. ಸಾಲುಗಳು ‘ಮಾಡಬಾರದು’ ಅನ್ನದೆ ‘ಮಾಡಬೇಕು’ ಅನ್ನಲಿ: ‘ತಟ್ಟೆ ಸಿಂಕಿಗೆ ಹಾಕು’ ಎಂಬುದು ಕಣ್ಣಿಗೆ ಕಾಣುತ್ತದೆ, ‘ಗಲೀಜು ಮಾಡಬೇಡ’ ಎಂಬುದು ಕಾಣುವುದಿಲ್ಲ. ಬಹುಮಾನ ದೂರವಿದ್ದರೆ ಅದರ ಬೆಲೆ ಈ ಮಕ್ಕಳ ಮನಸ್ಸಿನಲ್ಲಿ ಬೇರೆಯವರಿಗಿಂತ ಬೇಗ ಕರಗಿಹೋಗುತ್ತದೆ. ವರ್ಷದ ಕೊನೆಗೆ ಸೈಕಲ್ ಕೊಡಿಸುತ್ತೇನೆ ಎಂಬ ಮಾತು ಜೂನ್ ತಿಂಗಳ ಮಂಗಳವಾರದ ಕಾಪಿ ಬರಹಕ್ಕೆ ಬಲ ಕೊಡದು. ಆಗಿಂದಾಗ ಒಂದು ಚುಕ್ಕೆ, ಐದು ಚುಕ್ಕೆಗೆ ಅದೇ ಸಂಜೆ ಚೌಕಾಬಾರ ಆಡುವುದೋ ರಾತ್ರಿಯ ದೋಸೆಗೆ ಯಾವ ಪಲ್ಯ ಎಂದು ಹೇಳುವ ಹಕ್ಕೋ ಇರಲಿ. ದುಡ್ಡಿನದೇ ಆಗಬೇಕಿಲ್ಲ. ಎರಡು ಮೂರು ವಾರಕ್ಕೊಮ್ಮೆ ಬಹುಮಾನದ ಪಟ್ಟಿ ಬದಲಾಯಿಸಿ, ಹೊಸತನ ಹೋದದ್ದೇ ಚಾರ್ಟೂ ಹೋಗುತ್ತದೆ. ಗಳಿಸಿದ ಚುಕ್ಕೆಯನ್ನು ಮಧ್ಯಾಹ್ನದ ಜಗಳಕ್ಕೆ ಕಿತ್ತುಕೊಳ್ಳಬೇಡಿ. ಒಮ್ಮೆ ಹಾಗಾದರೆ ಮಗುವಿಗೆ ಚಾರ್ಟಿನ ಮೇಲೆ ನಂಬಿಕೆ ಉಳಿಯುವುದಿಲ್ಲ, ಮತ್ತೆ ಅಂಟಿಸಿ ಪ್ರಯೋಜನವಿಲ್ಲ.

ಮನೆಯಲ್ಲಿ ಹಿರಿಯರಿದ್ದರೆ ಒಂದು ಪ್ರಶ್ನೆ ಬರುತ್ತದೆ. ‘ಮೊಬೈಲ್ ಗೇಮಿಗೆ ಮೂರು ಗಂಟೆ ಕೂರ್ತಾನಲ್ಲ, ಓದೋಕೆ ಯಾಕಾಗಲ್ಲ?’ ನ್ಯಾಯವಾದ ಪ್ರಶ್ನೆ, ಸರಿಯಾದ ಉತ್ತರ ಕೊಡಬೇಕು. ಗೇಮಿನಲ್ಲಿ ಮುಂದೇನು ಮಾಡಬೇಕೆಂದು ಪರದೆಯೇ ತೋರಿಸುತ್ತದೆ, ಮಾಡಿದ್ದಕ್ಕೆ ಅರೆಕ್ಷಣದಲ್ಲಿ ಫಲ ಬರುತ್ತದೆ, ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಏನೂ ಇಲ್ಲ. ಹೊರಗಿನಿಂದ ಇಷ್ಟು ಆಸರೆ ಸಿಕ್ಕರೆ ಆ ತಲೆ ಕೂರಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ. ಅಜ್ಜ ‘ಅವರಪ್ಪನೂ ಹೀಗೇ ಇದ್ದ’ ಅಂದರೆ ಅದನ್ನೂ ತಳ್ಳಿಹಾಕಬೇಡಿ. ಎಡಿಎಚ್‌ಡಿ ವಂಶದಲ್ಲಿ ಬಲವಾಗಿ ಹರಿಯುತ್ತದೆ. ಅವಳಿಗಳ ಅಧ್ಯಯನಗಳು ವಂಶವಾಹಿಯ ಪಾಲನ್ನು ಶೇಕಡಾ 70ರಿಂದ 80 ಎಂದು ಕಂಡಿವೆ. ಅಂದರೆ ಪಟ್ಟಿ ಬರೆದು ನಡೆಸಬೇಕಾದ ಅಪ್ಪನಿಗೋ ಅಮ್ಮನಿಗೋ ಪಟ್ಟಿ ನೆನಪಿಡುವುದೇ ಕಷ್ಟವಿರಬಹುದು. ಅಂಥ ಮನೆಯಲ್ಲಿ ಒಂದೇ ಒಂದು ಏರ್ಪಾಡಿನಿಂದ ಶುರುಮಾಡಬೇಕು, ಅದು ದೊಡ್ಡವರ ಕೀ, ಪರ್ಸು, ಕನ್ನಡಕಕ್ಕೂ ಒದಗಬೇಕು. ಬಾಗಿಲ ಬಳಿ ಎಲ್ಲರಿಗೂ ಒಂದೊಂದು ಮೊಳೆ, ಒಂದೊಂದು ಬುಟ್ಟಿ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತಾ ಕೂರುವ ಹುಡುಗಿಯ ಬಗ್ಗೆ ಶಾಲೆಯಿಂದ ದೂರು ಬರುವುದಿಲ್ಲ. ಕೆಳಗಿನ ತರಗತಿಗಳಲ್ಲಿ ನೆನಪಿನ ಬಲದಿಂದ, ಅಮ್ಮನ ಕಾವಲಿನಿಂದ ಸಾಗಿಸಿ, ಎಂಟು ಒಂಬತ್ತನೇ ತರಗತಿಯಲ್ಲಿ ವಿಷಯಗಳು ಹೆಚ್ಚಿದಾಗ ಒಮ್ಮೆಲೇ ಕುಸಿಯುತ್ತಾಳೆ. ‘ವಯಸ್ಸಿನ ಪ್ರಭಾವ’ ಎಂದು ಅದನ್ನು ಬಿಟ್ಟುಬಿಡಬೇಡಿ.

ಡಾಕ್ಟರು, ಮಾತ್ರೆ, ಸರ್ಟಿಫಿಕೇಟು

ಮನೋವೈದ್ಯರಿಗೆ ತೋರಿಸುವ ಮುನ್ನ ಕಣ್ಣು, ಕಿವಿ, ಥೈರಾಯ್ಡ್, ನಿದ್ದೆ ನೋಡಿಸಿ. ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಊದಿ ರಾತ್ರಿಯಿಡೀ ಬಾಯಿ ತೆರೆದು ಗೊರಕೆ ಹೊಡೆಯುವ ಮಗು ಹಗಲು ಇದೇ ರೀತಿ ಕಾಣಬಹುದು. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ಹಾಗಾಗಿ ಹಳೆಯ ಮಾರ್ಕ್ಸ್ ಕಾರ್ಡು, ಟೀಚರುಗಳು ಬರೆದ ಮಾತು, ಒಂದೆರಡು ನೋಟ್‌ಬುಕ್ಕು ಒಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ 2022ರಿಂದ ನಡೆಯುತ್ತಿರುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆಯ ಬಗ್ಗೆ ಇರುವ ಭಯ ನನಗೆ ಅರ್ಥವಾಗುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೂ ಮೊದಲು ಹೇಳುವುದು ತಂದೆತಾಯಿಯ ತರಬೇತಿಯನ್ನೇ. ದೊಡ್ಡ ಮಕ್ಕಳಿಗೆ ವೈದ್ಯರು ಮೀಥೈಲ್‌ಫೆನಿಡೇಟ್ ಬರೆದರೆ, ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಹಸಿವು ಇಳಿಯುತ್ತದೆ, ಹಾಗಾಗಿ ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿಂಡಿ ಕೊಡಿ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬಂದರೆ ಬೈಯದೆ ಸಂಜೆ ಇನ್ನೊಂದು ಊಟ ಕೊಡಿ. ಎತ್ತರ, ತೂಕ, ರಕ್ತದೊತ್ತಡ ಬರೆದಿಟ್ಟುಕೊಂಡು ಪ್ರತಿ ಭೇಟಿಯಲ್ಲೂ ತೋರಿಸಿ. ಮಾತ್ರೆ ಗಮನವನ್ನು ಕೊಡುತ್ತದೆ, ಚೀಲ ಜೋಡಿಸುವುದನ್ನು ಕಲಿಸುವುದಿಲ್ಲ. ಗಮನ ಇರುವ ಆ ಹೊತ್ತಿನಲ್ಲಿ ಕಲಿಸುವ ಕೆಲಸ ನಮ್ಮದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಓದುವುದರಲ್ಲೋ ಬರೆಯುವುದರಲ್ಲೋ ತೊಡಕೂ ಇದೆ ಅನ್ನಿಸಿದರೆ ಅದನ್ನೂ ಪರೀಕ್ಷಿಸಿ ಎಂದು ಬಾಯಿಬಿಟ್ಟು ಕೇಳಿ. ಬರೆಯುವುದಕ್ಕೆ ತೊಡಕಿರುವ ಅರ್ಹರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನ್ಯೂನತೆಯ ಸರ್ಟಿಫಿಕೇಟು, ಹೆಚ್ಚು ಸಮಯದ ಕೋರಿಕೆ ಎಲ್ಲ ಶಾಲೆಯ ಮುಖಾಂತರವೇ ಹೋಗಬೇಕು. ಹತ್ತನೇ ತರಗತಿಯ ಡಿಸೆಂಬರ್‌ವರೆಗೆ ಕಾಯದೆ ಒಂಬತ್ತರಲ್ಲೇ ಓಡಾಟ ಶುರುಮಾಡಿ.

ಆಸರೆ ತೆಗೆಯುವ ಕ್ರಮ

ಚೆನ್ನಾಗಿ ನಡೆಯುತ್ತಿದ್ದ ಏರ್ಪಾಡು ಕೆಡುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಅದು ಚೆನ್ನಾಗಿ ನಡೆದದ್ದೇ. ತಿಂಗಳು ತೊಂದರೆಯಿಲ್ಲದೆ ಸಾಗಿದರೆ ‘ಈಗ ಕಲಿತ, ಇನ್ನು ಫೋಟೋ ಯಾಕೆ’ ಎಂದು ಕಿತ್ತುಹಾಕುತ್ತಾರೆ. ತಾರಸಿ ಹಾಕಿದ ನಾಲ್ಕನೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚುವವರು ಯಾರೂ ಇಲ್ಲ, ಮೇಲಿನಿಂದ ನೋಡಿದರೆ ಕಾಂಕ್ರೀಟು ಗಟ್ಟಿಯಾಗಿಯೇ ಕಾಣುತ್ತಿದ್ದರೂ. ಮಿದುಳಿನ ಮುಂಭಾಗ ಪೂರ್ತಿ ಬೆಳೆಯುವುದು ಯಾರಿಗಾದರೂ ಇಪ್ಪತ್ತೈದರ ಆಸುಪಾಸಿಗೆ.

ತೆಗೆಯುವುದಕ್ಕೆ ಕ್ರಮವಿದೆ. ಮೊದಲು ಜೊತೆಯಲ್ಲಿ ಮಾಡುವುದು. ಆಮೇಲೆ ಪಕ್ಕದಲ್ಲಿ ನಿಂತು ‘ಮುಂದೇನು?’ ಎಂದಷ್ಟೇ ಕೇಳುವುದು. ಆಮೇಲೆ ಮಾತಿಲ್ಲದೆ ಪಟ್ಟಿಯ ಕಡೆ ಕೈ ತೋರಿಸುವುದು. ಆಮೇಲೆ ಪಟ್ಟಿ ಮಾತ್ರ, ನೀವು ಬೇರೆ ಕೋಣೆಯಲ್ಲಿ. ಕೊನೆಗೆ ಮುಗಿದ ಮೇಲೆ ಒಮ್ಮೆ ನೋಡುವುದು. ಒಂದೊಂದು ಮೆಟ್ಟಿಲಿಗೂ ಎರಡು ಮೂರು ವಾರ ಕೊಡಿ. ಸತತ ಎರಡು ದಿನ ತಪ್ಪಿದರೆ ಒಂದೇ ಮೆಟ್ಟಿಲು ಹಿಂದೆ ಬನ್ನಿ, ಮೊದಲಿನಿಂದ ಬೇಡ. ಪರೀಕ್ಷೆ, ಜ್ವರ, ಮದುವೆಮನೆ ಓಡಾಟ, ದಸರಾ ರಜೆ ಮುಗಿದ ವಾರ, ಈ ಹೊತ್ತಿನಲ್ಲಿ ಹಿಂದೆ ಬರಬೇಕಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಂಡಿದ್ದರೆ ಮನೆಯಲ್ಲಿ ಯಾರಿಗೂ ಕುಸಿದ ಭಾವನೆ ಬರುವುದಿಲ್ಲ.

ಹನ್ನೆರಡು ಹದಿಮೂರರ ಮೇಲೆ ಪಟ್ಟಿ ನಿಮ್ಮ ಅಕ್ಷರದಲ್ಲಿ ಇರಬಾರದು. ಏನು ಮರೆಯುತ್ತದೆ, ಎಲ್ಲಿ ಅಂಟಿಸಿದರೆ ಕಾಣುತ್ತದೆ, ಅಲಾರಂ ಎಷ್ಟಕ್ಕೆ ಎಂಬುದನ್ನು ಮಗುವೇ ತೀರ್ಮಾನಿಸಲಿ. ಅದು ಸರಿಹೋಗದಿದ್ದರೆ ಭಾನುವಾರ ಕೂತು ಒಂದನ್ನು ಮಾತ್ರ ಬದಲಾಯಿಸಿ. ಪಿಯುಸಿಗೆ ಹಾಸ್ಟೆಲಿಗೆ ಕಳಿಸುವುದಾದರೆ ಈ ಅಭ್ಯಾಸ ಒಂದು ವರ್ಷ ಮೊದಲೇ ಶುರುವಾಗಿರಬೇಕು. ಬಟ್ಟೆ ಒಗೆಯುವ ದಿನ, ಫೀಸು ಕಟ್ಟುವ ದಿನ, ಮಾತ್ರೆ ತೀರುವ ಮುಂಚೆ ತರಿಸಿಕೊಳ್ಳುವ ದಿನ, ಈ ಮೂರನ್ನು ಮನೆಯಲ್ಲಿದ್ದಾಗಲೇ ಅವನ ಕೈಗೆ ಕೊಡಿ. ಹಾಸ್ಟೆಲಿಗೆ ಹೋದ ಮೇಲೂ ಮೊದಲ ಆರು ತಿಂಗಳು ರಾತ್ರಿ ಗೊತ್ತಾದ ಹೊತ್ತಿಗೆ ಒಂದು ಫೋನು ಇರಲಿ. ‘ಊಟ ಆಯ್ತಾ?’ ಅಂದಮೇಲೆ ‘ನಾಳೆಯ ಪಟ್ಟಿ ಓದು ನೋಡೋಣ’ ಅನ್ನಿ. ಅವನು ಓದಲಿ, ನೀವು ಕೇಳಿಸಿಕೊಳ್ಳಿ.